ನಡೆಯದ ಪಾಠಕ್ಕೆ 40 ಅಂಕ

2023ರ ನವೆಂಬರ್ 23ರಂದು ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಹೊರಬಂದರು. ಸೇವೆಯನ್ನು ಕಾಯಂ ಮಾಡಬೇಕೆಂಬುದೇ ಅವರ ಮುಖ್ಯ ಬೇಡಿಕೆ. ಅಂದಿನಿಂದ ಆ ವರ್ಷದ ಕೊನೆಯವರೆಗೆ ಮಾತ್ರ ಎಣಿಸಿದರೂ 39 ದಿನ. ಆರು ಭಾನುವಾರ, ಕನಕ ಜಯಂತಿ, ಕ್ರಿಸ್‌ಮಸ್ ಕಳೆದರೆ ಕೆಲಸದ ದಿನಗಳು 31. ಯುಜಿಸಿ ನಿಯಮದ ಪ್ರಕಾರ ವರ್ಷಕ್ಕೆ ಕನಿಷ್ಠ 180 ಬೋಧನಾ ದಿನ ಇರಬೇಕು. ಸೆಮಿಸ್ಟರ್‌ಗೆ 90 ಬಂತು. 90ರಲ್ಲಿ 31 ಹೋದರೆ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಹೋದಂತೆ.

ಅದಕ್ಕೆ ಎರಡು ವರ್ಷ ಮೊದಲೂ ಹೀಗೇ ಆಗಿತ್ತು. 2021ರ ಡಿಸೆಂಬರ್ 10ಕ್ಕೆ ಶುರುವಾದ ಮುಷ್ಕರಕ್ಕೆ ಸರ್ಕಾರ ಗೌರವಧನ ಹೆಚ್ಚಳದ ಉತ್ತರ ಕೊಟ್ಟದ್ದು 2022ರ ಜನವರಿ 14ರಂದು. 36 ದಿನ, ಭಾನುವಾರ, ರಜೆ ಬಿಟ್ಟರೆ ಸುಮಾರು 30. ಕೋವಿಡ್ ಮೂರನೇ ಅಲೆಯೂ ಅದೇ ಹೊತ್ತಿಗೆ ಬಂತು. ಎರಡೂ ಸಲ ಸೆಮಿಸ್ಟರ್‌ನ ಮೂರರಲ್ಲೊಂದು ಪಾಲು ಬೀದಿಯಲ್ಲೇ ಕಳೆಯಿತು.

ಅಧ್ಯಾಪಕರ ಮುಷ್ಕರ ಎಂದಾಕ್ಷಣ ವಿಶ್ವವಿದ್ಯಾಲಯಗಳು ಕೇಳಿಕೊಳ್ಳುವುದು ಮೂರು ಪ್ರಶ್ನೆ. ಪರೀಕ್ಷೆ ಮುಂದಕ್ಕೆ ಹಾಕಬೇಕೆ? ಪೇಪರ್ ತಿದ್ದುವವರು ಸಿಗುತ್ತಾರೆಯೆ? ಫಲಿತಾಂಶ ಯಾವಾಗ? ನಾನು ಲೆಕ್ಕ ಹಾಕಿ ನೋಡಿದಷ್ಟೂ ನನಗೆ ಖಚಿತವಾದದ್ದು, ದೊಡ್ಡ ಪೆಟ್ಟು ಬೀಳುವುದು ಈ ಮೂರರಲ್ಲಿ ಯಾವುದಕ್ಕೂ ಅಲ್ಲ ಎಂಬುದು. ಈ ತಿಂಗಳು ತಿದ್ದದ ಉತ್ತರ ಪತ್ರಿಕೆಯನ್ನು ಮುಂದಿನ ತಿಂಗಳು ತಿದ್ದಬಹುದು. ಪಾಠವೇ ಆಗದ ವಿಷಯಕ್ಕೆ ಹಾಕಿದ ಆಂತರಿಕ ಮೌಲ್ಯಮಾಪನದ (ಐಎ) ಅಂಕವನ್ನು ಆಮೇಲೆ ಯಾರೂ ತಿದ್ದಲಾರರು. ಅಂಥ ಅಂಕಗಳ ಬಗ್ಗೆ ನಮ್ಮಲ್ಲಿ ನಿಯಮವೇ ಇಲ್ಲದಂತಾಗಿದೆ.

ಒಂದೇ ರಸ್ತೆ, ಇಬ್ಬರು ಯಜಮಾನರು

ಮೈಸೂರಿನ ಜೆಎಲ್‌ಬಿ ರಸ್ತೆಯಲ್ಲಿ ಯುವರಾಜ ಕಾಲೇಜು ಇದೆ, ಮಹಾರಾಣಿ ಕಾಲೇಜೂ ಇದೆ. ಯುವರಾಜ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಘಟಕ ಕಾಲೇಜು. ಮಹಾರಾಣಿ ಕಾಲೇಜು ಸರ್ಕಾರದ್ದು, ಕಾಲೇಜು ಶಿಕ್ಷಣ ಇಲಾಖೆಯ ಅಧೀನದಲ್ಲಿದೆ. ಎರಡರ ವಿದ್ಯಾರ್ಥಿಗಳೂ ಪಡೆಯುವುದು ಮೈಸೂರು ವಿಶ್ವವಿದ್ಯಾಲಯದ ಪದವಿಯನ್ನೇ. ವಿಶ್ವವಿದ್ಯಾಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಹಾಲ್ ಅಲ್ಲಿಂದ ನಡೆದುಹೋಗುವಷ್ಟು ದೂರ.

ಮಹಾರಾಣಿಯಲ್ಲಾಗಲಿ ಕುವೆಂಪುನಗರದ ಸರ್ಕಾರಿ ಕಾಲೇಜಿನಲ್ಲಾಗಲಿ ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿದರೆ ಅವರ ಜಗಳ ಬೆಂಗಳೂರಿನ ಸರ್ಕಾರದೊಂದಿಗೆ. ಅವರಿಗೆ ಹಣ ಕೊಡುವುದು ಇಲಾಖೆ. ಅವರು ಹಾಕಬೇಕಾದ ಅಂಕ, ನಡೆಸಬೇಕಾದ ಟೆಸ್ಟ್, ಕೂರಬೇಕಾದ ವ್ಯಾಲ್ಯುಯೇಷನ್ ಡ್ಯೂಟಿ ವಿಶ್ವವಿದ್ಯಾಲಯದ್ದು. ಮಾತುಕತೆಯ ಮೇಜಿನಲ್ಲಿ ಕುಲಪತಿಗೆ ಕುರ್ಚಿಯಿಲ್ಲ, ಕುಲಸಚಿವರಿಗೆ (ಮೌಲ್ಯಮಾಪನ) ಅಂತೂ ಇಲ್ಲವೇ ಇಲ್ಲ. ಒಪ್ಪಂದ ಎಂದಾಗುತ್ತದೆಂದು ಅವರಿಗೆ ಗೊತ್ತಾಗುವುದು ಪತ್ರಿಕೆ ಓದಿಯೇ. ಮುಷ್ಕರ ನಿಲ್ಲಿಸುವ ಅಧಿಕಾರ ಇರುವವರಿಗೆ ಪರೀಕ್ಷಾ ವೇಳಾಪಟ್ಟಿಯ ಹೊಣೆಯಿಲ್ಲ. ವೇಳಾಪಟ್ಟಿಯ ಹೊಣೆ ಹೊತ್ತವರಿಗೆ ಮುಷ್ಕರ ನಿಲ್ಲಿಸುವ ಅಧಿಕಾರವಿಲ್ಲ. ಈ ಸೀಳು ಇರುವವರೆಗೆ ಹಾನಿ ಹೊರುವವರು ವಿದ್ಯಾರ್ಥಿಗಳೇ.

1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಈ ವಿಶ್ವವಿದ್ಯಾಲಯದ ವ್ಯಾಪ್ತಿ ಈಚೆಗೆ ಕುಗ್ಗಿದೆ. ಮೈಸೂರಿನ ಜತೆ ಮಂಡ್ಯ, ಹಾಸನ, ಚಾಮರಾಜನಗರವೂ ಇದರ ಕೆಳಗಿದ್ದವು. ಮೂರಕ್ಕೂ ಬೇರೆ ಬೇರೆ ವಿಶ್ವವಿದ್ಯಾಲಯಗಳು ಬಂದವು. ರಾಜ್ಯದಲ್ಲಿ ಹೊಸದಾಗಿ ಹುಟ್ಟಿದವುಗಳಲ್ಲಿ ಒಂಬತ್ತನ್ನು ಮುಚ್ಚುವ ಸಲಹೆಯನ್ನು ಸಚಿವ ಸಂಪುಟದ ಉಪಸಮಿತಿ 2025ರಲ್ಲಿ ಕೊಟ್ಟದ್ದೂ ಆಯಿತು. ಮೌಲ್ಯಮಾಪನಕ್ಕೂ ಇದಕ್ಕೂ ಸಂಬಂಧವಿದೆ. ನಾಲ್ಕು ಜಿಲ್ಲೆಯ ಅಧ್ಯಾಪಕರು ಒಂದೇ ಪಟ್ಟಿಯಲ್ಲಿದ್ದಾಗ ಒಂದು ಕಡೆಯವರು ಬಾರದಿದ್ದರೂ ಇನ್ನೊಂದು ಕಡೆಯವರನ್ನು ಕರೆಸಬಹುದಿತ್ತು. ಒಂದೇ ಜಿಲ್ಲೆಯ ಪಟ್ಟಿ, ಅದರಲ್ಲೂ ಹೆಚ್ಚಿನವರು ಅತಿಥಿಗಳೇ ಆದರೆ, ಮುಷ್ಕರದ ದಿನ ಪರೀಕ್ಷಾಂಗದವರು ಫೋನ್ ಮಾಡಲು ಹೆಸರುಗಳೇ ಇರುವುದಿಲ್ಲ.

ಗಂಟೆಗೆ ಎಷ್ಟು?

ಮುಷ್ಕರ ಏಕೆ ಮತ್ತೆ ಮತ್ತೆ ಬರುತ್ತದೆಂದು ತಿಳಿಯಲು ಸಂಬಳದ ಅಂಕಿಗಳನ್ನು ಬಿಡಿಸಿ ನೋಡಬೇಕು. 2021ರ ಮುಷ್ಕರದ ಹೊತ್ತಿಗೆ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸುಮಾರು 14 ಸಾವಿರ ಅತಿಥಿ ಉಪನ್ಯಾಸಕರಿದ್ದರು. ಎನ್‌ಇಟಿ, ಸ್ಲೆಟ್ ಅಥವಾ ಪಿಎಚ್‌.ಡಿ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000. ವಾರಕ್ಕೆ 8ರಿಂದ 10 ಗಂಟೆ ಪಾಠ. 2022ರ ಜನವರಿಯಲ್ಲಿ ಆಗಿನ ಉನ್ನತ ಶಿಕ್ಷಣ ಸಚಿವ ಡಾ. ಸಿ.ಎನ್. ಅಶ್ವತ್ಥನಾರಾಯಣ ಪ್ರಕಟಿಸಿದ ಹೊಸ ದರ ಹೀಗಿತ್ತು: ಯುಜಿಸಿ ಅರ್ಹತೆಯಿದ್ದು ಐದು ವರ್ಷ ಸೇವೆ ಮುಗಿಸಿದವರಿಗೆ 32,000, ಐದಕ್ಕಿಂತ ಕಡಿಮೆಯವರಿಗೆ 30,000, ಅರ್ಹತೆಯಿಲ್ಲದೆ ಐದು ವರ್ಷ ದಾಟಿದವರಿಗೆ 28,000, ಉಳಿದವರಿಗೆ 26,000. ಜತೆಗೊಂದು ಷರತ್ತು: ವಾರಕ್ಕೆ 15 ಗಂಟೆ.

ತಿಂಗಳ ಲೆಕ್ಕದಲ್ಲಿ ಇದು ಎರಡೂವರೆ ಪಟ್ಟಿಗೆ ಹತ್ತಿರದ ಏರಿಕೆ. ಗಂಟೆಯ ಲೆಕ್ಕ ಹಿಡಿದರೆ ಚಿತ್ರವೇ ಬೇರೆ. ಹಳೆಯ 13,000ವನ್ನು ವಾರಕ್ಕೆ 8ರಂತೆ ತಿಂಗಳ 32 ಗಂಟೆಗೆ ಹಂಚಿದರೆ ಗಂಟೆಗೆ 406 ರೂಪಾಯಿ. ಹೊಸ 32,000ವನ್ನು 60 ಗಂಟೆಗೆ ಹಂಚಿದರೆ 533. ಏರಿದ್ದು ಶೇ 31. ಅರ್ಹತೆಯಿಲ್ಲದವರಿಗೆ 344ರಿಂದ 433, ಅಂದರೆ ಶೇ 26. ಮೊದಲೇ 10 ಗಂಟೆ ಪಾಠ ಮಾಡುತ್ತಿದ್ದವರಿಗೆ ಏರಿಕೆ ಶೇ 60ರ ಆಸುಪಾಸು. ಏರಿದ್ದು ಸುಳ್ಳಲ್ಲ. ಆದರೆ ಅದರ ದೊಡ್ಡ ಪಾಲನ್ನು ಹೆಚ್ಚು ಗಂಟೆ ದುಡಿದೇ ಗಳಿಸಬೇಕಿತ್ತು.

ಆ ಗಂಟೆಗಳು ಬಂದದ್ದೆಲ್ಲಿಂದ? 14 ಸಾವಿರ ಜನ ವಾರಕ್ಕೆ 10 ಗಂಟೆಯಂತೆ ಮಾಡುತ್ತಿದ್ದ ಪಾಠ 1,40,000 ಗಂಟೆ. ಅದನ್ನೇ 15 ಗಂಟೆಯಂತೆ ಹಂಚಿದರೆ 9,333 ಜನ ಸಾಕು. 8 ಗಂಟೆಯ ಲೆಕ್ಕದಲ್ಲಿ 7,467. ಪಾಠದ ಹೊರೆ ಅಷ್ಟೇ ಉಳಿದು ತಲೆಗೆ 15 ಗಂಟೆಯಾದರೆ ಸಾವಿರಾರು ಜನ ಹೊರಗುಳಿಯಲೇಬೇಕು. 2023ರ ಮುಷ್ಕರದ ಹೊತ್ತಿಗೆ ಈ ಕಾಲೇಜುಗಳಲ್ಲಿ ಉಳಿದಿದ್ದವರು 10 ಸಾವಿರ ಚಿಲ್ಲರೆ. ಒಬ್ಬರ ಏರಿಕೆಗೆ ಇನ್ನೊಬ್ಬರ ಕೆಲಸ ಹೋಯಿತು. 2023ರಲ್ಲಿ ಬೇಡಿಕೆ ಗೌರವಧನವನ್ನು ದಾಟಿ ಕಾಯಮಾತಿಗೆ ಬಂದು ನಿಂತದ್ದರಲ್ಲಿ ಆಶ್ಚರ್ಯವೇನಿಲ್ಲ.

ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700 ರೂಪಾಯಿ; ತುಟ್ಟಿಭತ್ಯೆ, ಮನೆ ಬಾಡಿಗೆ ಬೇರೆ. ವಾರಕ್ಕೆ 16 ಗಂಟೆ ಪಾಠ. ಪಕ್ಕದ ಕೊಠಡಿಯಲ್ಲಿ 15 ಗಂಟೆ ಪಾಠ ಮಾಡುವ ಅತಿಥಿಗೆ 2022ರ ದರದಲ್ಲಿ ಸಿಗುತ್ತಿದ್ದದ್ದು 32,000, ಅದೂ ರಜೆಯ ತಿಂಗಳುಗಳಿಗೆ ಖಾತರಿಯಿಲ್ಲದೆ. ಕಾಯಂ ನೇಮಕಾತಿಯ ವೇಗವೂ ಗೊತ್ತಿರುವುದೇ. 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಕೆಇಎ ಪರೀಕ್ಷೆ ನಡೆಸಿದ್ದು 2022ರ ಮಾರ್ಚ್‌ನಲ್ಲಿ. ಆಯ್ಕೆಯಾದವರು ಕಾಲೇಜು ಸೇರಿದ್ದು 2024ರಲ್ಲಿ.

ಇನ್ನೊಂದು ಭಾಗಾಕಾರ. 60 ವಿದ್ಯಾರ್ಥಿಗಳ ತರಗತಿಯಲ್ಲಿ ಗಂಟೆಗೆ 533 ರೂಪಾಯಿ ಪಡೆಯುತ್ತಿದ್ದ ಉಪನ್ಯಾಸಕರ ಒಂದು ಪಾಠಕ್ಕೆ ಸರ್ಕಾರ ವಿದ್ಯಾರ್ಥಿಯೊಬ್ಬರ ತಲೆಗೆ ಮಾಡುತ್ತಿದ್ದ ಖರ್ಚು ಸುಮಾರು 8 ರೂಪಾಯಿ 90 ಪೈಸೆ. ಮೈಸೂರಿನ ಹೋಟೆಲಿನಲ್ಲಿ ಆ ದುಡ್ಡಿಗೆ ಒಂದು ಲೋಟ ಕಾಫಿ ಬಾರದು.

2023ರ ಡಿಸೆಂಬರ್ ಕೊನೆಯಲ್ಲಿ ಉನ್ನತ ಶಿಕ್ಷಣ ಸಚಿವ ಡಾ. ಎಂ.ಸಿ. ಸುಧಾಕರ್ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ, 60 ವರ್ಷ ತುಂಬಿದಾಗ 5 ಲಕ್ಷ ರೂಪಾಯಿ ಇಡಿಗಂಟು ಪ್ರಕಟಿಸಿದರು. ಕಾಯಮಾತಿ ಸಿಗಲಿಲ್ಲ. ಹೊಸ ವರ್ಷದ ಮೊದಲ ದಿನ ಉಪನ್ಯಾಸಕರು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು.

ಈ ಹೆಚ್ಚಳಕ್ಕೆ ತಗಲುವುದೆಷ್ಟು? 10 ಸಾವಿರ ಜನ, ವರ್ಷಕ್ಕೆ 10 ತಿಂಗಳು ಎಂದು ಹಿಡಿದರೆ ಕನಿಷ್ಠ 50 ಕೋಟಿ, ಗರಿಷ್ಠ 80 ಕೋಟಿ. ಮುಷ್ಕರದಲ್ಲಿ ಹೋದದ್ದೆಷ್ಟು? ವಾರಕ್ಕೆ ಆರು ದಿನದಲ್ಲಿ 15 ಗಂಟೆ ಎಂದರೆ ದಿನಕ್ಕೆ ಎರಡೂವರೆ ಗಂಟೆ. 31 ದಿನಕ್ಕೆ ತಲಾ 77 ಗಂಟೆ 30 ನಿಮಿಷ. ಎಲ್ಲರೂ ಹೊರಗಿದ್ದರು ಎಂದುಕೊಂಡರೆ 10 ಸಾವಿರ ಜನರಿಂದ 7,75,000 ಗಂಟೆ ಪಾಠ. ಗಂಟೆಗೆ 433ರಿಂದ 533 ರೂಪಾಯಿಯ ದರದಲ್ಲಿ ಅದರ ಬೆಲೆ ಸುಮಾರು 34 ಕೋಟಿಯಿಂದ 41 ಕೋಟಿ. ಇಡೀ ವರ್ಷದ ಹೆಚ್ಚಳದ ಅರ್ಧಕ್ಕಿಂತ ಹೆಚ್ಚು ಬೆಲೆಯ ಪಾಠ ಐದೇ ವಾರದಲ್ಲಿ ಹೋಯಿತು. ಮಾತುಕತೆಯನ್ನು ಒಂದು ತಿಂಗಳು ಮೊದಲೇ ಮುಗಿಸಿದ್ದರೆ ಎಂದು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಸಂಕಟವಾಗುತ್ತದೆ.

ತಿದ್ದುವ ಕೋಣೆಯ ಲೆಕ್ಕ

ಉತ್ತರ ಪತ್ರಿಕೆಯ ವಿಷಯಕ್ಕೆ ಬರೋಣ. ಪರೀಕ್ಷಾ ಕೇಂದ್ರದಿಂದ ಬಂದ ಬಂಡಲುಗಳಿಗೆ ಮೊದಲು ಕೋಡಿಂಗ್ ಆಗುತ್ತದೆ. ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಮರೆಯಾಗಿ ಕೋಡ್ ಸಂಖ್ಯೆ ಮಾತ್ರ ಉಳಿಯುತ್ತದೆ. ತಿದ್ದುವವರು ಬಂಡಲಿಗೆ ಸಹಿ ಹಾಕಿ ಪಡೆದು, ಪುಟ ಪುಟದ ಅಂಕವನ್ನು ಕೆಂಪು ಶಾಯಿಯಲ್ಲಿ ಮುಖಪುಟದ ಚೌಕಗಳಿಗೆ ಏರಿಸಿ, ಕೂಡಿಸಿ, ಸಹಿ ಹಾಕಿ ಹಿಂದಿರುಗಿಸುತ್ತಾರೆ. ಇನ್ನೊಬ್ಬರು ಕೂಡಿಕೆ ಪರಿಶೀಲಿಸುತ್ತಾರೆ. ಸ್ನಾತಕೋತ್ತರದಲ್ಲಿ ಇಬ್ಬರು ತಿದ್ದಿ, ಅಂತರ ಹೆಚ್ಚಾದರೆ ಮೂರನೆಯವರ ಕೈಗೆ ಹೋಗುತ್ತದೆ. ಇಲ್ಲಿ ಗಮನಿಸಬೇಕಾದದ್ದು, ತಿದ್ದುವವರು ಪಾಠ ಮಾಡಿದವರೇ ಆಗಬೇಕಿಲ್ಲ. ಹುಣಸೂರಿನ ವಿದ್ಯಾರ್ಥಿಯ ಪತ್ರಿಕೆಯನ್ನು ಮೈಸೂರಿನವರು ತಿದ್ದಬಹುದು, ಕೆ.ಆರ್. ನಗರದವರೂ ತಿದ್ದಬಹುದು.

60 ಸಾವಿರ ವಿದ್ಯಾರ್ಥಿಗಳು ಆರಾರು ಪತ್ರಿಕೆ ಬರೆದರು ಎಂದುಕೊಳ್ಳಿ. 3,60,000 ಉತ್ತರ ಪತ್ರಿಕೆ. ಒಬ್ಬರು ದಿನಕ್ಕೆ 40 ತಿದ್ದಿದರೆ 9,000 ಮಾನವ ದಿನ. 450 ಜನ ಕೂತರೆ 20 ದಿನದ ಕೆಲಸ. ಅರ್ಧದಷ್ಟು ಜನ ಬರದೆ ಹೋದರೆ 40 ದಿನ. ಮುಷ್ಕರದಿಂದ ಫಲಿತಾಂಶ ತಡವಾಗುವುದು ಹೆಚ್ಚೆಂದರೆ ಈ 20 ದಿನ. ತಡ ತಪ್ಪಿಸಲೆಂದು ದಿನಕ್ಕೆ 40ರ ಬದಲು 60 ಕೊಟ್ಟರೆ? ಆರು ಗಂಟೆಯ ಕೆಲಸದಲ್ಲಿ ಒಂದು ಪತ್ರಿಕೆಗೆ ಸಿಗುತ್ತಿದ್ದ 9 ನಿಮಿಷ 6ಕ್ಕೆ ಇಳಿಯುತ್ತದೆ. ಮೂರು ಗಂಟೆ ಬರೆದ ಉತ್ತರಕ್ಕೆ ಆರು ನಿಮಿಷದ ನೋಟ. ಫಲಿತಾಂಶ ಎರಡು ವಾರ ತಡವಾದರೂ ಪರವಾಗಿಲ್ಲ, ಆ ಮೂರು ನಿಮಿಷವನ್ನು ಮಕ್ಕಳಿಂದ ಕಿತ್ತುಕೊಳ್ಳಬಾರದು ಎಂಬುದು ನನ್ನ ಗಟ್ಟಿ ನಿಲುವು.

ರಾಜ್ಯ ಇದನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2016ರ ಏಪ್ರಿಲ್‌ನಲ್ಲಿ. ಅದು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲ, ದ್ವಿತೀಯ ಪಿಯುಸಿ. ವೇತನ ತಾರತಮ್ಯ ಸರಿಪಡಿಸಲು ಜಿ. ಕುಮಾರ್ ನಾಯಕ್ ಸಮಿತಿಯ ವರದಿ ಜಾರಿ ಮಾಡಿ ಎಂದು ಪಿಯು ಉಪನ್ಯಾಸಕರು ಮೌಲ್ಯಮಾಪನ ಬಹಿಷ್ಕರಿಸಿದರು. ಅದೇ ವರ್ಷ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಗಿ, ಮರುಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು, ಆರು ವಿಷಯದಂತೆ 36 ಲಕ್ಷಕ್ಕೂ ಹೆಚ್ಚು ಉತ್ತರ ಪತ್ರಿಕೆ. ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ (ಎಸ್ಮಾ) ಹೇರುವ ಮಾತೂ ಕೇಳಿಬಂತು. ಮನೆಮನೆಯಲ್ಲೂ ಆತಂಕವಿತ್ತು, ಸಿಇಟಿ ಎದುರಿಗಿತ್ತು. ಕೊನೆಗೆ ಫಲಿತಾಂಶ ಬಂದದ್ದು ಮೇ 25ಕ್ಕೆ. ಹಿಂದಿನ ವರ್ಷ ಬಂದದ್ದು ಮೇ 18ಕ್ಕೆ. ಸೋರಿಕೆ, ಮರುಪರೀಕ್ಷೆ, ಬಹಿಷ್ಕಾರ ಎಲ್ಲ ಸೇರಿ ಏಳು ದಿನ ತಡ.

ಈ ಏಳು ದಿನ ಹೇಳುವುದಿಷ್ಟು: ತಿದ್ದುವ ಕೆಲಸ ನಿಂತರೂ ಅದನ್ನು ಹಿಡಿದು ದಡ ಮುಟ್ಟಿಸುವ ವ್ಯವಸ್ಥೆ ನಮ್ಮಲ್ಲಿದೆ. ಬ್ರಿಟನ್ನಿನಲ್ಲಿ ಹಾಗಿಲ್ಲ. 2023ರ ಏಪ್ರಿಲ್ 20ರಿಂದ ಸೆಪ್ಟೆಂಬರ್ 6ರವರೆಗೆ 140 ದಿನ, 145 ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಸಂಘ ಅಂಕ ನೀಡುವುದನ್ನೇ ಬಹಿಷ್ಕರಿಸಿತು. ಅಲ್ಲಿ ಪಾಠ ಮಾಡಿದವರೇ ಪ್ರಶ್ನೆ ತೆಗೆದು ಅವರೇ ತಿದ್ದುವುದು ರೂಢಿ. ಹಾಗಾಗಿ ಬೇರೆಯವರನ್ನು ತಂದು ಕೂರಿಸುವುದು ಕಷ್ಟವಾಯಿತು. ಹಲವು ವಿಶ್ವವಿದ್ಯಾಲಯಗಳು ಸಂಬಳದಲ್ಲಿ ಶೇ 50ರಿಂದ 100ರವರೆಗೆ ಕಡಿತ ಮಾಡಿದವು. ಕೇಂಬ್ರಿಡ್ಜ್‌ನಂಥ ಕಡೆಯೂ ಅಂತಿಮ ವರ್ಷದ ಬಹಳಷ್ಟು ವಿದ್ಯಾರ್ಥಿಗಳಿಗೆ ಸಮಯಕ್ಕೆ ಪದವಿ ಸಿಗಲಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 2013ರ ಫೆಬ್ರುವರಿ 4ರಿಂದ ಮೇ 10ರವರೆಗೆ ಕಾಲೇಜು ಅಧ್ಯಾಪಕರು ಪರೀಕ್ಷಾ ಕೆಲಸ ಬಿಟ್ಟಿದ್ದರು. ಸರ್ಕಾರ 71 ದಿನದ ವೇತನ ತಡೆಹಿಡಿದು, ವಿಷಯ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು.

ಕಾನೂನು ಎಲ್ಲಿ ನಿಂತಿದೆ ಎಂಬುದನ್ನೂ ಹೇಳಬೇಕು. ಸುಂದರಾಂಬಾಳ್ ಪ್ರಕರಣದಲ್ಲಿ 1988ರಲ್ಲೇ ಸುಪ್ರೀಂ ಕೋರ್ಟ್, ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಿತು. 2003ರ ರಂಗರಾಜನ್ ಪ್ರಕರಣದಲ್ಲಿ ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಎಂದಿತು. ಅತಿಥಿ ಉಪನ್ಯಾಸಕರು ಕಾಯಂ ನೌಕರರೂ ಅಲ್ಲ, ಸುಂದರಾಂಬಾಳ್ ತೀರ್ಪಿನಂತೆ ಕಾರ್ಮಿಕರೂ ಅಲ್ಲ. ಅವರ ದೂರು ಕೇಳಲು ಗೊತ್ತಾದ ಕಟ್ಟೆಯೇ ಇಲ್ಲದಿರುವಾಗ ಬೀದಿಯೇ ಕಟ್ಟೆಯಾಗುತ್ತದೆ. ಅವರನ್ನು ದೂರುವ ಮೊದಲು ಇದನ್ನು ನೆನೆಯಬೇಕು.

ಐಎ ಎಂಬ ಬಿರುಕು

ಈಗ ನಿಜವಾದ ನಷ್ಟದ ಲೆಕ್ಕ. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಪದವಿ ಕಾಲೇಜುಗಳಿಗೆ ಬಂದದ್ದು 2021-22ರಲ್ಲಿ. ಅದರಲ್ಲಿ ಪ್ರತಿ ಪತ್ರಿಕೆಗೆ ಸೆಮಿಸ್ಟರ್ ಪರೀಕ್ಷೆ 60, ಆಂತರಿಕ ಮೌಲ್ಯಮಾಪನ 40. ಮೊದಲ ಮುಷ್ಕರ ಬಂದದ್ದು ಆ ಪದ್ಧತಿಯ ಮೊದಲ ಸೆಮಿಸ್ಟರ್‌ನಲ್ಲೇ. ಎರಡನೆಯದು ಬರುವಾಗ ಮೂರೂ ವರ್ಷದವರು ಅದರ ಒಳಗಿದ್ದರು. ಆರು ಪತ್ರಿಕೆ ಎಂದರೆ 600 ಅಂಕ, ಅದರಲ್ಲಿ 240 ಕಾಲೇಜಿನೊಳಗೇ ನಿರ್ಧಾರವಾಗುವಂಥದು. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್. ವಿಶ್ವವಿದ್ಯಾಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯಲ್ಲಿ ಇದೇ ಸಿ1, ಸಿ2 ಎಂಬ ಹೆಸರಿನಲ್ಲಿ ನಡೆಯುತ್ತದೆ. ಕೊನೆಯ ಪರೀಕ್ಷೆ ಸಿ3.

ಐಎ ಅಂಕವನ್ನು ಬೇರೆ ಊರಿನವರು ಕೊಡಲಾಗದು. ಕೋಡ್ ಸಂಖ್ಯೆಯಿಲ್ಲ, ಬಂಡಲಿಲ್ಲ. ಪಾಠ ಮಾಡಿದವರೇ ವಿದ್ಯಾರ್ಥಿಯನ್ನು ನೋಡಿ ಕೊಡಬೇಕಾದ ಅಂಕ ಅದು. ಪಾಠ ಮಾಡುವವರು ಐದು ವಾರ ಹೊರಗಿದ್ದರೆ ಎರಡನೇ ಟೆಸ್ಟ್ ನಡೆಸುವುದು ಯಾವ ಅಧ್ಯಾಯದ ಮೇಲೆ? ಅಂಕವಂತೂ ಏಕೀಕೃತ ತಂತ್ರಾಂಶವಾದ ಯುಯುಸಿಎಂಎಸ್‌ಗೆ ಏರಲೇಬೇಕು. ಏರದಿದ್ದರೆ ಫಲಿತಾಂಶ ಪೂರ್ತಿಯಾಗದು, ಮಾರ್ಕ್ಸ್ ಕಾರ್ಡ್ ಬಾರದು. ತಂತ್ರಾಂಶ ಕೇಳುವುದು ಸಂಖ್ಯೆಯನ್ನು. ಆ ಸಂಖ್ಯೆಯ ಹಿಂದೆ 90 ದಿನದ ಪಾಠವಿತ್ತೋ 59 ದಿನದ್ದೋ ಎಂದು ಅದು ಕೇಳುವುದಿಲ್ಲ. ಗಡುವಿನ ದಿನ ಖಾಲಿ ಚೌಕದ ಎದುರು ಕೂತವರು ಮೊದಲ ಟೆಸ್ಟಿನ ಅಂಕವನ್ನೇ ಎರಡನೆಯದಕ್ಕೂ ಹಾಕಬಹುದು, ಎಲ್ಲರಿಗೂ 35ರ ಮೇಲೆ ಕೊಟ್ಟು ಕೈತೊಳೆದುಕೊಳ್ಳಬಹುದು. ಹೀಗೆ ಎಲ್ಲರಿಗೂ ಒಂದೇ ತೆರನ ಅಂಕ ಬಂದಾಗ ನಷ್ಟವಾಗುವುದು ನಿಜವಾಗಿ ಓದಿದ ಹುಡುಗಿಗೆ, ಎಂ.ಎಸ್ಸಿ ಸೀಟಿಗೆ ದಶಮಾಂಶದ ಪೈಪೋಟಿ ಇರುವಾಗ.

ಹೆಚ್ಚುವರಿ ತರಗತಿ ತೆಗೆದುಕೊಂಡು ಸರಿದೂಗಿಸುತ್ತೇವೆ ಎನ್ನುವುದು ಪ್ರತಿ ಮುಷ್ಕರದ ನಂತರದ ಮಾತು. 77 ಗಂಟೆ 30 ನಿಮಿಷವನ್ನು ವಾರಕ್ಕೆ ಐದು ಹೆಚ್ಚುವರಿ ಗಂಟೆಯಂತೆ ತುಂಬಲು ಹದಿನೈದೂವರೆ ವಾರ ಬೇಕು. ಇಡೀ ಸೆಮಿಸ್ಟರೇ ಸುಮಾರು 16 ವಾರ. ಭಾನುವಾರವೂ ಕರೆದು ವಾರಕ್ಕೆ 10 ಗಂಟೆ ಸೇರಿಸಿದರೂ ಎಂಟು ವಾರ. ನಂಜನಗೂಡು, ತಿ. ನರಸೀಪುರದಿಂದ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿ ಸಂಜೆ ಆರರ ತರಗತಿಗೆ ಕೂರುವುದು ಹೇಗೆ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹೊರೆಯಿಲ್ಲ. ಕೊನೆಯ ಬಸ್ಸಿನ ವೇಳೆ ಬದಲಾಗಿಲ್ಲ. ಕಳೆದುಹೋದ ಪಾಠವನ್ನು ಪೂರ್ತಿ ತುಂಬಿಕೊಟ್ಟೆವು ಎಂದು ಯಾವ ಕಾಲೇಜು ಹೇಳಿದರೂ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಅಂತಿಮ ವರ್ಷದವರ ಲೆಕ್ಕ ಬೇರೆ. ಪದವಿ ಮುಗಿಸಿ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ 15 ಸಾವಿರದ ಕೆಲಸ ಹಿಡಿಯಬೇಕೆಂದಿದ್ದವರಿಗೆ ಫಲಿತಾಂಶ ಒಂದು ತಿಂಗಳು ತಡವಾದರೆ 15 ಸಾವಿರ ಹೋಯಿತು. ಅಂಥ 10 ಸಾವಿರ ಮಂದಿ ಇದ್ದರೆ 15 ಕೋಟಿ. ಸರ್ಕಾರದ ಯಾವ ಕಡತದಲ್ಲೂ ಈ ಮೊತ್ತ ಖರ್ಚಿನ ಬಾಬಿಗೆ ಬರುವುದಿಲ್ಲ, ಮನೆಗಳ ಜೇಬಿನಿಂದ ಹೋಗುತ್ತದೆ.

2020ರಲ್ಲಿ ಸಾಧ್ಯವಾದದ್ದು

ಪಾಠ, ಪರೀಕ್ಷೆ ನಡೆಯದಿದ್ದಾಗ ಅಂಕ ಕೊಡುವುದು ಹೇಗೆಂಬ ಪ್ರಶ್ನೆಗೆ ನಾವು ಒಮ್ಮೆ ಬರಹದಲ್ಲಿ ಉತ್ತರ ಕೊಟ್ಟಿದ್ದೇವೆ. ಕೋವಿಡ್ ಕಾಲದಲ್ಲಿ ಯುಜಿಸಿ 2020ರ ಏಪ್ರಿಲ್ 29ರ ಮಾರ್ಗಸೂಚಿಯಲ್ಲಿ, ಪರೀಕ್ಷೆ ಸಾಧ್ಯವಾಗದ ಮಧ್ಯದ ಸೆಮಿಸ್ಟರ್‌ಗಳಿಗೆ ಆಂತರಿಕ ಅಂಕದಿಂದ ಶೇ 50, ಹಿಂದಿನ ಸೆಮಿಸ್ಟರ್‌ನಿಂದ ಶೇ 50 ಎಂದು ಸೂತ್ರ ಕೊಟ್ಟಿತು. ಜುಲೈನಲ್ಲಿ ಕರ್ನಾಟಕವೂ ಅದೇ ದಾರಿ ಹಿಡಿಯಿತು. ಅಂತಿಮ ವರ್ಷಕ್ಕೆ ಮಾತ್ರ ಪರೀಕ್ಷೆಯಿಲ್ಲದೆ ಪದವಿಯಿಲ್ಲ ಎಂದು ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಹೇಳಿತು. ಸೂತ್ರ ಪರಿಪೂರ್ಣವಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಅಂಕ ಹೇಗೆ ಬಂತೆಂದು ಎಲ್ಲರಿಗೂ ಗೊತ್ತಿತ್ತು. ಮುಷ್ಕರದ ಸೆಮಿಸ್ಟರ್‌ಗೆ ಅಂಥ ಸೂತ್ರವಿಲ್ಲ. ಕಾಲೇಜಿಗೊಂದು, ವಿಭಾಗಕ್ಕೊಂದು ಪದ್ಧತಿ.

ಕಾಲಾವಕಾಶ ಇಲ್ಲವೆಂಬ ನೆಪವೂ ನಿಲ್ಲದು. ವಿದ್ಯಾರ್ಥಿ ಅರ್ಹತೆ ಪಡೆಯಬೇಕಾದ ದಿನದಿಂದ 180 ದಿನದೊಳಗೆ ಪದವಿ ಪ್ರಮಾಣಪತ್ರ ಕೊಡಬೇಕೆಂದು ಯುಜಿಸಿಯ 2008ರ ನಿಯಮ ಹೇಳುತ್ತದೆ. ತಿದ್ದಲು 20 ದಿನ ಹೆಚ್ಚಿಗೆ ಬೇಕಾದರೂ, ಪರೀಕ್ಷೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರೂ ಆ 180ರೊಳಗೆ ಜಾಗವಿದೆ. ಆ ಜಾಗವನ್ನು ಪಾಠಕ್ಕೆ ಬಿಟ್ಟುಕೊಡದೆ ವೇಳಾಪಟ್ಟಿಗೆ ಅಂಟಿಕೊಂಡು ಪರೀಕ್ಷೆ ನಡೆಸುವುದರಿಂದ ಉಳಿಯುವುದು ಕ್ಯಾಲೆಂಡರ್ ಮಾತ್ರ.

ವಿಶ್ವವಿದ್ಯಾಲಯದ ಕೈಯಲ್ಲೇ ಇರುವ, ಸರ್ಕಾರದ ಅಪ್ಪಣೆ ಕಾಯಬೇಕಿಲ್ಲದ ಕೆಲಸಗಳಿವೆ. ಪ್ರತಿ ಕಾಲೇಜು ಪ್ರತಿ ಪತ್ರಿಕೆಗೆ ನಡೆದ ಪಾಠದ ಗಂಟೆಗಳನ್ನು ಐಎ ಅಂಕದ ಜತೆಗೇ ಕಳಿಸಲಿ. ಮುಕ್ಕಾಲು ಪಾಲಿಗಿಂತ ಕಡಿಮೆ ಪಾಠವಾದ ಪತ್ರಿಕೆಗೆ ಐಎ ಗಡುವು ತಾನಾಗಿ ಮುಂದಕ್ಕೆ ಹೋಗಲಿ. ವಿದ್ಯಾರ್ಥಿಗೆ ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುವ ನಾವು, ಪಾಠವೇ ಶೇ 65 ಆದ ಪತ್ರಿಕೆಗೆ ಪರೀಕ್ಷೆ ನಡೆಸುವುದು ಹೇಗೆ ನ್ಯಾಯ? ಆಯ್ಕೆ ಹೆಚ್ಚಿರುವ ಪ್ರಶ್ನೆಪತ್ರಿಕೆಯನ್ನು ಪರೀಕ್ಷಾ ಮಂಡಳಿ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದು. ಅತಿಥಿ ಉಪನ್ಯಾಸಕರು ಮರಳಿ ಬಂದ ಮೇಲೆ ತೆಗೆದುಕೊಳ್ಳುವ ಹೆಚ್ಚುವರಿ ಗಂಟೆಗೆ ಹಣ ಕೊಡಬೇಕು. ಗಂಟೆಗೆ 500ರಂತೆ ಒಬ್ಬರಿಗೆ 40 ಗಂಟೆ ತುಂಬಿಸಲು 20 ಸಾವಿರ ರೂಪಾಯಿ. ಅದನ್ನು ಕೊಡಬೇಕಾದದ್ದು ಇಲಾಖೆ, ಕೇಳಬೇಕಾದದ್ದು ವಿಶ್ವವಿದ್ಯಾಲಯ.

2024-25ರಿಂದ ರಾಜ್ಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದು, ಅನುಪಾತ 60:40ರಿಂದ 80:20ಕ್ಕೆ ತಿರುಗಿದೆ. ಆರು ಪತ್ರಿಕೆಗೆ ಐಎ ಪಾಲು 240ರಿಂದ 120ಕ್ಕೆ ಇಳಿಯಿತು. ಮುಷ್ಕರದ ಸೆಮಿಸ್ಟರ್‌ನಲ್ಲಿ ಕಣ್ಣುಮುಚ್ಚಿ ಹಾಕುವ ಅಂಕ ಅರ್ಧವಾಯಿತು ಎಂದು ಸಮಾಧಾನ ಪಡುವಂತಿಲ್ಲ. ಉಳಿದ 480 ಅಂಕದ ಪರೀಕ್ಷೆ ಪೂರ್ತಿ ಪಠ್ಯದ ಮೇಲೆ ನಡೆಯುತ್ತದೆ, ಯಾರೂ ಪಾಠ ಮಾಡದ ಅಧ್ಯಾಯಗಳೂ ಸೇರಿ. ಮೂರರಲ್ಲೊಂದು ಪಾಲು ಪಾಠವಾಗದಿದ್ದರೆ ಆ 480ರಲ್ಲಿ 160 ಅಂಕದ ಪ್ರಶ್ನೆಗಳಿಗೆ ವಿದ್ಯಾರ್ಥಿ ಗೈಡು ಹಿಡಿದು, ಯೂಟ್ಯೂಬ್ ನೋಡಿ ಒಬ್ಬಳೇ ತಯಾರಾಗಬೇಕು. ಮುಂದಿನ ಸೆಮಿಸ್ಟರ್‌ನ ವೇಳಾಪಟ್ಟಿ ಹೊರಡಿಸುವ ಮೊದಲು ಪರೀಕ್ಷಾಂಗ ಈ 160ಕ್ಕೆ ತನ್ನ ಉತ್ತರವನ್ನು ಸುತ್ತೋಲೆಯಲ್ಲಿ ಬರೆಯಲಿ: ಎಷ್ಟು ಗಂಟೆ ಪಾಠ ತಪ್ಪಿದರೆ ಎಷ್ಟು ಪ್ರಶ್ನೆಗೆ ಆಯ್ಕೆ, ಎಷ್ಟು ದಿನ ಮುಂದೂಡಿಕೆ, ಅದನ್ನು ತೀರ್ಮಾನಿಸುವವರು ಯಾರು ಎಂದು.